ಪಾರ್ಕ್ ಗೇಟಿನ ಹೊರಗೆ ಡ್ರೈವರ್‌ಗೂ ಮಲಗಲು ಒಂದು ಜಾಗ ಇರಲಿ

ಮಾನ್ಯ ಸಂಪಾದಕರೇ,

ನಾನು ಸಿರುಗುಪ್ಪದ ಟಿಟಿ (ಟೆಂಪೋ ಟ್ರಾವೆಲರ್) ಡ್ರೈವರ್. ಗಾಡಿ ಓನರದ್ದು, ಸ್ಟೇರಿಂಗ್ ನನ್ನದು. ದಸರಾ ರಜೆ, ಡಿಸೆಂಬರ್ ಕೊನೆ ವಾರ, ಆಮೇಲೆ ಏಪ್ರಿಲ್–ಮೇ. ಈ ದಿನಗಳಲ್ಲಿ ನಮ್ಮ ಕಡೆಯ ಕುಟುಂಬಗಳನ್ನು ಮೈಸೂರು, ಬೆಂಗಳೂರು, ಹೈದರಾಬಾದ್‌ಗೆ ಕರೆದುಕೊಂಡು ಹೋಗಿ ಬರುವುದೇ ನನ್ನ ದುಡಿಮೆ. ಭತ್ತ ಮಾರಿ ಕೈಯಲ್ಲಿ ನಾಲ್ಕು ಕಾಸು ಆಡಿದ ವರ್ಷ ಬುಕಿಂಗ್ ಜಾಸ್ತಿ. ಮಕ್ಕಳಿಗೆ ಒಂದ್ಸಲ ಜಿರಾಫೆ ತೋರಿಸಬೇಕು, ಒಂದ್ಸಲ ವಾಟರ್ ಪಾರ್ಕ್‌ನಲ್ಲಿ ಆಡಿಸಬೇಕು ಅಂತ ಅಪ್ಪ ಅಮ್ಮ ಎಷ್ಟು ದಿನದಿಂದ ಅಂದುಕೊಂಡಿರುತ್ತಾರೋ. ಹೊರಡುವ ರಾತ್ರಿ ಆ ಮಕ್ಕಳ ಮುಖ ನೋಡಬೇಕು. ನಾನಂತೂ ಆ ಖುಷಿ ನೋಡಿಯೇ ಈ ಕೆಲಸದಲ್ಲಿ ಉಳಿದಿದ್ದೇನೆ.

ಆ ಮಕ್ಕಳ ಸಲುವಾಗಿಯೇ ಈ ಪತ್ರ. ಝೂ, ಅಮ್ಯೂಸ್‌ಮೆಂಟ್ ಪಾರ್ಕ್, ವಾಟರ್ ಪಾರ್ಕ್, ಎಲ್ಲೇ ಇರಲಿ, ಪಾರ್ಕಿಂಗ್ ಪಕ್ಕದಲ್ಲಿ ಡ್ರೈವರ್‌ಗಳು ಮಲಗಲು ಒಂದು ಕೋಣೆ ಕಡ್ಡಾಯ ಆಗಬೇಕು. ಫ್ಯಾನ್, ಚಾಪೆ, ಶೌಚಾಲಯ, ಸ್ನಾನಕ್ಕೆ ನೀರು. ಇಷ್ಟೇ.

ಯಾಕೆ ಕೇಳುತ್ತಿದ್ದೇನೆ ಅಂತ ತಿಳಿಯಬೇಕಾದರೆ ನಮ್ಮ ಕಡೆಯ ಟ್ರಿಪ್ ಹೇಗೆ ನಡೆಯುತ್ತದೆ ಅಂತ ಹೇಳಬೇಕು.

ಸಿರುಗುಪ್ಪದಿಂದ ಮೈಸೂರಿಗೆ ರಾತ್ರಿ ಊಟ ಮಾಡಿಕೊಂಡು ಎಂಟಕ್ಕೆ ಗಾಡಿ ಹತ್ತುತ್ತಾರೆ. ಬಳ್ಳಾರಿ, ಚಳ್ಳಕೆರೆ, ಹಿರಿಯೂರು, ಹುಳಿಯಾರು, ನಾಗಮಂಗಲ. ರಾತ್ರಿಯಿಡೀ ಓಡಿಸಿದರೆ ಬೆಳಗಿನ ಆರರ ಹೊತ್ತಿಗೆ ಮೈಸೂರು. ಸ್ನಾನಕ್ಕೆ ಅಂತ ಎರಡು ತಾಸಿಗೆ ಒಂದು ರೂಮು ಹಿಡಿಯುತ್ತಾರೆ. ಎಲ್ಲರದ್ದೂ ಮುಗಿದ ಮೇಲೆ ಡ್ರೈವರ್ ಪಾಳಿ. ಅಷ್ಟರಲ್ಲಿ ಝೂ ತೆರೆಯುವ ಹೊತ್ತು. 1892ರಲ್ಲಿ ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ ಶುರುವಾದ ಝೂ ಅದು, 157 ಎಕರೆ. ಸರಿಯಾಗಿ ನೋಡಲು ಮೂರು ತಾಸಾದರೂ ಬೇಕು. ಅಲ್ಲಿಂದ ಅರಮನೆ, ಚಾಮುಂಡಿ ಬೆಟ್ಟ, ಸಂಜೆ ಬೃಂದಾವನದ ಕಾರಂಜಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಗಾಡಿ ತೆಗೆಯುತ್ತಲೇ ಇರಬೇಕು. ಹಗಲು ಕಣ್ಣು ಮುಚ್ಚಲು ಆಗುವುದೇ ಇಲ್ಲ. ರಾತ್ರಿ ಮತ್ತೆ ಬೆಂಗಳೂರು ದಾರಿ. ಮಾರನೆ ದಿನ ಬಿಡದಿ ಹತ್ತಿರದ ವಂಡರ್‌ಲಾ, ಇಲ್ಲವೇ ಬನ್ನೇರುಘಟ್ಟದ ಸಫಾರಿ. ಸಂಜೆ ಪಾರ್ಕ್ ಮುಚ್ಚಿದ ಮೇಲೆ ಮಕ್ಕಳನ್ನು ಹತ್ತಿಸಿಕೊಂಡು ಊರಿನ ಕಡೆ. ಬೆಳಗಿನ ಜಾವ ಮೂರೋ ನಾಲ್ಕೋ ಮನೆ ಮುಂದೆ ಇಳಿಸಬೇಕು.

ಹೀಗೆ ಓಡಾಡುವುದಕ್ಕೆ ಲೆಕ್ಕ ಇದೆ. ಜನರ ತಪ್ಪು ಅಂತ ನಾನು ಹೇಳುವುದಿಲ್ಲ. ರಾತ್ರಿ ಪ್ರಯಾಣ ಮಾಡಿದರೆ ಲಾಡ್ಜ್ ಖರ್ಚು ಉಳಿಯುತ್ತದೆ. ನಮ್ಮ ಬಾಡಿಗೆಯಲ್ಲಿ ದಿನಕ್ಕೆ ಮಿನಿಮಮ್ ಇಷ್ಟು ಕಿಲೋಮೀಟರ್ ಅಂತ ಇರುತ್ತದೆ, ಓಡಿಸಿದರೂ ಕೊಡಬೇಕು, ನಿಲ್ಲಿಸಿದರೂ ಕೊಡಬೇಕು. ದಿನ ಅಂದರೆ ರಾತ್ರಿ ಹನ್ನೆರಡರಿಂದ ರಾತ್ರಿ ಹನ್ನೆರಡು. ಗಡಿಯಾರ ಹನ್ನೆರಡು ದಾಟಿತು ಅಂದರೆ ಇನ್ನೊಂದು ದಿನದ ಮಿನಿಮಮ್, ಇನ್ನೊಂದು ದಿನದ ಬಾಟಾ (ಡ್ರೈವರ್‌ನ ದಿನಭತ್ಯೆ). ಹನ್ನೆರಡು ಜನ ಸೇರಿ ದುಡ್ಡು ಹಾಕಿಕೊಂಡು ಬಂದ ಕುಟುಂಬಕ್ಕೆ ಅದು ದೊಡ್ಡ ಮೊತ್ತವೇ. ಹಾಗಾಗಿ "ಅಣ್ಣಾ, ಸ್ವಲ್ಪ ಜಲ್ದಿ ಹೊಡಿ" ಅಂತಾರೆ. ಓನರ್ ಫೋನ್ ಮಾಡಿ, ನಾಳೆ ಬೆಳಿಗ್ಗೆ ಇನ್ನೊಂದು ಪಾರ್ಟಿ ಇದೆ ಅಂತಾನೆ.

ಮೂರು ರಾತ್ರಿಯ ಇಂಥ ಟ್ರಿಪ್‌ನಲ್ಲಿ ಡ್ರೈವರ್ ಮಲಗಬಹುದಾದ ಹೊತ್ತು ಒಂದೇ. ಕುಟುಂಬ ಪಾರ್ಕ್ ಒಳಗೆ ಹೋಗಿ ಸಂಜೆ ಹೊರಗೆ ಬರುತ್ತದಲ್ಲ, ಆ ಆರೇಳು ತಾಸು. ಆ ಹೊತ್ತು ಎಲ್ಲಿ ಕಳೆಯುತ್ತದೆ ಅಂತ ಕೇಳಿ.

ಹೆಸರು ಬೇಡ. ಒಂದು ದೊಡ್ಡ ಪಾರ್ಕಿನ ಪಾರ್ಕಿಂಗ್ ಜಾಗ, ಏಪ್ರಿಲ್ ತಿಂಗಳು. ಕಾಂಕ್ರೀಟ್ ಹಾಸು, ಒಂದು ಮರ ಇಲ್ಲ. ಗಾಡಿಯ ಒಳಗೆ ಮಲಗೋಣ ಅಂದರೆ ಬಿಸಿಲಿಗೆ ನಿಂತ ಗಾಡಿ ಅರ್ಧ ತಾಸಿಗೆ ಕಾದ ಹೆಂಚು. ಕಿಟಕಿ ತೆರೆದರೆ ಬಿಸಿಗಾಳಿ. ನಾವು ಏನು ಮಾಡುತ್ತೇವೆ ಅಂದರೆ, ಎರಡು ಗಾಡಿಯ ನಡುವೆ ಚಾಪೆ ಹಾಸುತ್ತೇವೆ. ಟವೆಲ್ ಒದ್ದೆ ಮಾಡಿ ಕಿಟಕಿಗೆ ಕಟ್ಟಿ ನೆರಳು ಮಾಡಿಕೊಳ್ಳುತ್ತೇವೆ. ನೆರಳು ಸರಿದ ಹಾಗೆ ಚಾಪೆ ಸರಿಸಬೇಕು. ಕಣ್ಣು ಹತ್ತಿತು ಅನ್ನುವಷ್ಟರಲ್ಲಿ ಸೆಕ್ಯೂರಿಟಿಯವನು ಬಂದು ಸೀಟಿ ಊದುತ್ತಾನೆ. "ಬಸ್ ಬರ್ತಿದೆ, ಗಾಡಿ ಆ ಕಡೆ ಹಾಕು" ಅಂತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನೂ ಅದೇ ಬಿಸಿಲಲ್ಲಿ ನಿಂತಿದ್ದಾನೆ. ಅವತ್ತು ಶೌಚಕ್ಕೆ ಹೋಗಬೇಕಾಯಿತು. ಶೌಚಾಲಯ ಗೇಟಿನ ಒಳಗೆ. ಗೇಟ್ ದಾಟಲು ಟಿಕೆಟ್ ಬೇಕು. ರಸ್ತೆ ದಾಟಿ ಪೆಟ್ರೋಲ್ ಬಂಕ್‌ಗೆ ನಡೆದುಕೊಂಡು ಹೋದೆ.

ಕೆಲವರು ಕಿಟಕಿ ಮುಚ್ಚಿ, ಇಂಜಿನ್ ಚಾಲೂ ಇಟ್ಟು, ಎಸಿ ಹಾಕಿಕೊಂಡು ಮಲಗುತ್ತಾರೆ. ಡ್ರೈವರ್ ತಮ್ಮಂದಿರೇ, ದಯವಿಟ್ಟು ಹಾಗೆ ಮಾಡಬೇಡಿ. ಸೈಲೆನ್ಸರ್ ಪೈಪಿನಲ್ಲಿ ಎಲ್ಲಾದರೂ ಬಿರುಕಿದ್ದರೆ ಹೊಗೆ ಒಳಗೆ ಬರುತ್ತದೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಮಲಗಿದವನಿಗೆ ಗೊತ್ತೇ ಆಗುವುದಿಲ್ಲ.

ಇನ್ನು ಪಾರ್ಕ್ ಒಳಗಿನ ವ್ಯವಸ್ಥೆ ನೋಡಿ. ಒಮ್ಮೆ ಒಂದು ಪಾರ್ಟಿ ಬಲವಂತ ಮಾಡಿ ನನಗೂ ಟಿಕೆಟ್ ತೆಗೆದು ಒಳಗೆ ಕರೆದುಕೊಂಡು ಹೋದರು. ಅಲ್ಲಿನ ಕಾಳಜಿ ನೋಡಿ ನಿಜಕ್ಕೂ ಖುಷಿ ಆಯಿತು. ದೊಡ್ಡ ರೈಡ್‌ಗಳ ಬಾಗಿಲಲ್ಲಿ ಎತ್ತರ ಅಳೆಯುವ ಪಟ್ಟಿ. ಅದಕ್ಕಿಂತ ಗಿಡ್ಡ ಇರುವ ಮಗು ಎಷ್ಟು ಅತ್ತರೂ ಬಿಡುವುದಿಲ್ಲ. ಸೀಟಿನಲ್ಲಿ ಕೂತ ಮೇಲೆ ಭುಜದ ಮೇಲಿನ ಕಂಬಿಯನ್ನು ಹುಡುಗ ಒಬ್ಬೊಬ್ಬರದ್ದೂ ಎಳೆದು ನೋಡುತ್ತಾನೆ. ಆಮೇಲೆ ಇನ್ನೊಬ್ಬ ಬಂದು ಅದನ್ನೇ ಮತ್ತೆ ಎಳೆದು ನೋಡುತ್ತಾನೆ. ಹೆಬ್ಬೆರಳು ಎತ್ತಿದ ಮೇಲೆ ಬಟನ್ ಒತ್ತುತ್ತಾರೆ. ಒಂದೆರಡು ನಿಮಿಷದ ಆಟಕ್ಕೆ ಇಷ್ಟು ಜಾಗ್ರತೆ. ಅಪ್ಪ ಅಮ್ಮಂದಿರೂ ಕೆಳಗೆ ನಿಂತು "ಬೆಲ್ಟ್ ಸರಿಯಾಗಿ ಹಾಕಿದ್ದೀರಾ" ಅಂತ ಕೂಗುತ್ತಿರುತ್ತಾರೆ.

ಅದೇ ಮಗು ಸಂಜೆ ಒದ್ದೆ ತಲೆಯಲ್ಲಿ ನಮ್ಮ ಗಾಡಿ ಹತ್ತುತ್ತದೆ. ಮುಂದೆ ಮುನ್ನೂರೈವತ್ತು ಕಿಲೋಮೀಟರ್‌ಗೂ ಜಾಸ್ತಿ ಹೆದ್ದಾರಿ, ಅದೂ ಕತ್ತಲಲ್ಲಿ. ಓಡಿಸುವವನು ನಿನ್ನೆಯಿಂದ ಮಲಗಿದ್ದಾನಾ ಇಲ್ಲವಾ ಅಂತ ಯಾರೂ ಕೇಳುವುದಿಲ್ಲ. ಅಪಾಯ ಯಾವುದರಲ್ಲಿ ಜಾಸ್ತಿ, ನೀವೇ ಹೇಳಿ.

ನಿದ್ದೆಗೆ ಹಟ ಮಾಡಿ ಗೆಲ್ಲಲು ಆಗುವುದಿಲ್ಲ. ಬೆಳಗಿನ ಜಾವ ಎರಡರಿಂದ ಐದರ ತನಕ ದೇಹ ತಾನಾಗಿಯೇ ಜಗ್ಗುತ್ತದೆ. ಮಧ್ಯಾಹ್ನ ಊಟ ಆದ ಮೇಲೆ ಇನ್ನೊಮ್ಮೆ. ಟೀ ಕುಡಿಯುತ್ತೇವೆ, ಮುಖಕ್ಕೆ ನೀರು ಹಾಕುತ್ತೇವೆ, ಗುಟ್ಕಾ ಹಾಕುವವರು ಹಾಕುತ್ತಾರೆ, ಹಾಡು ಜೋರು ಮಾಡುತ್ತೇವೆ. ಅದೆಲ್ಲ ಅರ್ಧ ತಾಸಿನ ಮಾತು. ಕಣ್ಣು ತೆರೆದೇ ಇರುತ್ತದೆ, ಆದರೆ ದಾಟಿ ಬಂದ ಊರು ಯಾವುದು ಅಂತ ನೆನಪಿರುವುದಿಲ್ಲ. ಈ ಕೆಲಸ ಮಾಡಿದ ಯಾರನ್ನಾದರೂ ಕೇಳಿ, ಇದೇ ಹೇಳುತ್ತಾರೆ.

ನನ್ನ ಜೊತೆಗಾರನೊಬ್ಬ ಹೀಗೇ ಪಾರ್ಕ್ ಮುಗಿಸಿಕೊಂಡು ಬರುವಾಗ ನಾಲ್ಕು ಗಂಟೆ ಹೊತ್ತಿಗೆ ಗಾಡಿ ಡಿವೈಡರ್‌ಗೆ ಹತ್ತಿತು. ದೇವರ ದಯೆ, ಎಲ್ಲರೂ ಬದುಕಿದರು. ಒಂದು ಮಗುವಿನ ಕೈ ಮುರಿದಿತ್ತು. ಆಸ್ಪತ್ರೆಗೆ ನಾನು ಹೋಗಿದ್ದೆ. ಪಾರ್ಕ್‌ನವರು ಕಟ್ಟಿದ್ದ ಕಾಗದದ ಬ್ಯಾಂಡ್ ಇನ್ನೂ ಆ ಮುರಿದ ಕೈಯಲ್ಲೇ ಇತ್ತು. ನರ್ಸ್ ಕತ್ತರಿಯಿಂದ ಅದನ್ನು ಕತ್ತರಿಸಲು ಹೋದರೆ ಮಗು ಬಿಡಲಿಲ್ಲ, ಶಾಲೆಯಲ್ಲಿ ತೋರಿಸಬೇಕು ಅಂತ ಅಳುತ್ತಿತ್ತು. ಎಫ್‌ಐಆರ್‌ನಲ್ಲಿ ಅತಿವೇಗ, ಅಜಾಗರೂಕತೆ ಅಂತ ಬಂತು. ಅವನು ಮಲಗಿ ಎಷ್ಟು ತಾಸಾಗಿತ್ತು ಅಂತ ಯಾರೂ ಬರೆದುಕೊಳ್ಳಲಿಲ್ಲ.

ಕಾನೂನು ಇಲ್ಲ ಅಂತ ಅಂದುಕೊಂಡಿದ್ದೆ. ಬಳ್ಳಾರಿಯ ಒಬ್ಬ ವಕೀಲರ ಮನೆಯವರನ್ನು ಟ್ರಿಪ್ ಕರೆದುಕೊಂಡು ಹೋದಾಗ ಅವರು ಹೇಳಿದರು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಅಂತ ಒಂದಿತ್ತು, 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆ ಅದರ ಜಾಗಕ್ಕೆ ಬಂತು. ಆ ಹಳೆ ಕಾಯ್ದೆಯಲ್ಲಿ ದಿನಕ್ಕೆ 8 ತಾಸು ಕೆಲಸ. ದೂರದ ದಾರಿ, ಹಬ್ಬದ ದಿನ ಅಂತ ಅನುಮತಿ ತೆಗೆದುಕೊಂಡರೂ 10 ತಾಸು ಮೀರುವ ಹಾಗಿರಲಿಲ್ಲ. ಐದು ತಾಸಿಗೊಮ್ಮೆ ಕನಿಷ್ಠ ಅರ್ಧ ತಾಸು ವಿಶ್ರಾಂತಿ ಕೊಡಬೇಕಿತ್ತು. ಒಂದು ದಿನದ ಡ್ಯೂಟಿ ಮುಗಿದು ಮರುದಿನದ ಡ್ಯೂಟಿ ಶುರುವಾಗುವ ನಡುವೆ ಸತತ 9 ತಾಸು ಬಿಡುವು ಇರಬೇಕಿತ್ತು. ಆ ಕಾಯ್ದೆ ಐದು ಜನಕ್ಕಿಂತ ಕಡಿಮೆ ಕೆಲಸಗಾರರು ಇರುವ ಕಡೆ ನೇರವಾಗಿ ಬರುತ್ತಿರಲಿಲ್ಲ. ನಮ್ಮ ಓನರ್ ಹತ್ತಿರ ಇರುವುದೇ ಎರಡು ಗಾಡಿ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 91ನೇ ಸೆಕ್ಷನ್ ಇದೆ. ಬಾಡಿಗೆ ಗಾಡಿ ಓಡಿಸುವವರ ಕೆಲಸದ ಹೊತ್ತು ಆ 1961ರ ಕಾಯ್ದೆಯ ಪ್ರಕಾರವೇ ಇರಬೇಕು ಅಂತ ಅದು ಹೇಳುತ್ತದೆ. ಅಂದರೆ ನನಗೂ 9 ತಾಸಿನ ಹಕ್ಕಿತ್ತು. ಚೆಕ್‌ಪೋಸ್ಟ್‌ಗಳಲ್ಲಿ ಪರ್ಮಿಟ್ ಕೇಳಿದ್ದಾರೆ, ಎಫ್‌ಸಿ (ಗಾಡಿಯ ಫಿಟ್ನೆಸ್ ಸರ್ಟಿಫಿಕೇಟ್) ಕೇಳಿದ್ದಾರೆ, ಇನ್ಶೂರೆನ್ಸ್ ಕೇಳಿದ್ದಾರೆ. "ಎಷ್ಟು ತಾಸಿನಿಂದ ಓಡಿಸ್ತಿದ್ದೀಯಾ" ಅಂತ ನನ್ನನ್ನು ಒಬ್ಬರೂ ಕೇಳಿಲ್ಲ.

ಪಕ್ಕದ ತಮಿಳುನಾಡಿನಲ್ಲಿ 2023ರಲ್ಲಿ ಕಟ್ಟಡ ನಿಯಮಕ್ಕೇ ತಿದ್ದುಪಡಿ ತಂದರು. ಹೋಟೆಲ್, ಲಾಡ್ಜ್‌ಗಳು ಅತಿಥಿಗಳ ಡ್ರೈವರ್‌ಗಳಿಗೆ ಮಲಗುವ ಕೋಣೆ, ಶೌಚಾಲಯ ಕೊಡಲೇಬೇಕು ಅಂತ. 2024ರಲ್ಲಿ ಕೇಂದ್ರ ಸರ್ಕಾರ, ರಾಷ್ಟ್ರೀಯ ಹೆದ್ದಾರಿಗಳ ಮೇಲೆ ಲಾರಿ, ಟ್ಯಾಕ್ಸಿ ಡ್ರೈವರ್‌ಗಳಿಗೆ ಒಂದು ಸಾವಿರ ವಿಶ್ರಾಂತಿ ಕಟ್ಟಡ ಕಟ್ಟುತ್ತೇವೆ ಅಂತ ಹೇಳಿತು. ಎರಡೂ ಒಳ್ಳೆಯ ಕೆಲಸ. ಆದರೆ ಹೋಟೆಲ್ ಹಿಡಿಯದೆ ಸೀದಾ ಪಾರ್ಕಿಗೆ ಬರುವ ನಮ್ಮಂಥ ಗಾಡಿಗಳಿಗೆ ಹೋಟೆಲ್ ನಿಯಮದಿಂದ ಏನೂ ಸಿಗದು. ಹೆದ್ದಾರಿ ಕಟ್ಟಡದಲ್ಲಿ ಮಕ್ಕಳು ಮರಿಗಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಡ್ರೈವರ್ ಮಲಗಲು ಆಗುವುದಿಲ್ಲ. ಕುಟುಂಬ ಪಾರ್ಕ್ ಒಳಗೆ ಇರುವಾಗಲೇ ಅವನ ನಿದ್ದೆ ಆಗಬೇಕು. ಅದಕ್ಕೇ ಕೋಣೆ ಅಲ್ಲೇ ಬೇಕು ಅಂತ ನಾನು ಹಟ ಹಿಡಿದಿರುವುದು.

ದುಡ್ಡು ಎಲ್ಲಿಂದ ಅಂತ ಕೇಳಬಹುದು. ಟಿಟಿಗೆ, ಬಸ್‌ಗೆ ಪಾರ್ಕಿಂಗ್ ಚಾರ್ಜ್ ತೆಗೆದುಕೊಳ್ಳುತ್ತಾರಲ್ಲ, ಅದರಿಂದ. ಶೀಟ್ ಹಾಕಿದ ಒಂದು ಹಾಲ್, ನಾಲ್ಕು ಫ್ಯಾನ್, ಎರಡು ಬಚ್ಚಲು. ಜಿರಾಫೆಗೆ ಮನೆ ಕಟ್ಟಿದವರಿಗೆ ಇದು ಭಾರ ಆಗದು. ಬೇಕಾದರೆ ಡ್ರೈವರ್ ಲೈಸೆನ್ಸ್ ತೋರಿಸಿ ಇಪ್ಪತ್ತು ರೂಪಾಯಿ ಕೊಟ್ಟು ಹೋಗುತ್ತೇವೆ. ನಮ್ಮ ರಾಜ್ಯದಲ್ಲಿ ಮೋಟಾರು ಸಾರಿಗೆ ಕಾರ್ಮಿಕರಿಗೆ ಅಂತಲೇ ಕಲ್ಯಾಣ ಮಂಡಳಿ ಇದೆ. ಅದೂ ಕೈ ಜೋಡಿಸಬಹುದು. ಸರ್ಕಾರಿ ಝೂಗಳಿಂದಲೇ ಶುರು ಮಾಡಲಿ, ಖಾಸಗಿಯವರು ಆಮೇಲೆ ಬರುತ್ತಾರೆ.

ಝೂಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಮೈಸೂರು, ಬನ್ನೇರುಘಟ್ಟ ಎರಡಕ್ಕೂ ಮಂಗಳವಾರ ರಜೆ. ಹೈದರಾಬಾದಿನ ನೆಹರೂ ಝೂಗೆ ಸೋಮವಾರ. (ಗಾಡಿ ಬುಕ್ ಮಾಡುವ ಮೊದಲು ಇದನ್ನು ನೋಡಿಕೊಳ್ಳಿ, ಅಲ್ಲಿ ಹೋಗಿ ಬೀಗ ನೋಡಿ ಮಕ್ಕಳು ಅಳುವುದು ಕಣ್ಣಲ್ಲಿ ನೋಡಲಾಗದು.) ವಾರದಲ್ಲಿ ಒಂದು ದಿನ ಜನರನ್ನು ಬಿಡಬಾರದು ಅಂತ ದೇಶದ ಝೂಗಳಿಗೆಲ್ಲ ನಿಯಮವೇ ಇದೆ. ಪ್ರಾಣಿಗಳಿಗೆ ಗದ್ದಲವಿಲ್ಲದ ಒಂದು ದಿನ ಸಿಗುತ್ತದೆ. ಈ ನಿಯಮ ಮಾಡಿದವರಿಗೆ ನಾನು ಕೈ ಮುಗಿಯುತ್ತೇನೆ. ಬಾಯಿಲ್ಲದ ಜೀವಕ್ಕೆ ಸುಸ್ತಾಗುತ್ತದೆ ಅಂತ ಯೋಚನೆ ಮಾಡಿದ ಇಲಾಖೆ, ಗೇಟಿನ ಹೊರಗೆ ಬಿಸಿಲಲ್ಲಿ ಕೂತವರ ಬಗ್ಗೆಯೂ ಯೋಚಿಸುತ್ತದೆ ಅಂತ ನಂಬಿಕೆ ಇದೆ.

ಒಳ್ಳೆಯ ಟ್ರಿಪ್‌ಗಳೂ ಆಗಿವೆ. ತೆಕ್ಕಲಕೋಟೆ ಕಡೆಯ ಒಂದು ಕುಟುಂಬ. ಮೊಮ್ಮಕ್ಕಳ ಜೊತೆ ಅಜ್ಜಿಯೂ ಬಂದಿದ್ದರು. ಮಧ್ಯಾಹ್ನ ಎಲ್ಲರೂ ನೀರಲ್ಲಿ ಆಡುತ್ತಿದ್ದರೆ ಅಜ್ಜಿ ಬುತ್ತಿ ಗಂಟು ಹಿಡಿದುಕೊಂಡು ಪಾರ್ಕಿಂಗ್‌ಗೆ ಬಂದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು. "ತಿನ್ನಪ್ಪಾ" ಅಂದರು. ಆಮೇಲೆ ನನ್ನ ಮುಖ ನೋಡಿ, "ರಾತ್ರಿ ಮಲಗಿದ್ದೇನು ನೀನು?" ಅಂದರು. ಇಲ್ಲ ಅಜ್ಜಿ ಅಂದೆ. ಅಜ್ಜಿ ಅಲ್ಲೇ ನನ್ನ ಪಕ್ಕ ನೆರಳಲ್ಲಿ ಕೂತರು. ಸಂಜೆ ಮಗ ಬಂದ ಕೂಡಲೇ, "ಇವತ್ತು ರಾತ್ರಿ ಎಲ್ಲಾದ್ರೂ ಉಳ್ಕೊಳ್ಳೋಣು, ಈ ಹುಡುಗ ಮಲಗಿಲ್ಲ" ಅಂದರು. ಮಗ ಖರ್ಚಿನ ಮಾತು ತೆಗೆದ. ಅಜ್ಜಿ ಸೆರಗಿನ ಗಂಟು ಬಿಚ್ಚಿ ನೋಟು ತೆಗೆದು ಕೊಟ್ಟರು. ತುಮಕೂರು ಹತ್ತಿರ ಸಾದಾ ಲಾಡ್ಜ್‌ನಲ್ಲಿ ಉಳಿದೆವು. ನನಗೂ ಒಂದು ಹಾಸಿಗೆ ಸಿಕ್ಕಿತು. ಬೆಳಿಗ್ಗೆ ಐದಕ್ಕೆ ಹೊರಟೆವು. ಹಿರಿಯೂರು ಹತ್ತಿರ ಗುಡ್ಡದ ಮೇಲಿನ ಗಾಳಿಯಂತ್ರ ತಿರುಗುವುದನ್ನು ಮಕ್ಕಳು ಕಿಟಕಿಗೆ ಮೂಗು ಹಚ್ಚಿ ನೋಡಿದರು. ಗಾಡಿ ನಿಲ್ಲಿಸಿ ಎಲ್ಲರೂ ಇಡ್ಲಿ ತಿಂದರು. ಮಧ್ಯಾಹ್ನದ ಊಟಕ್ಕೆ ಊರಲ್ಲಿದ್ದೆವು. ಆ ಕುಟುಂಬ ಈಗಲೂ ನನಗೇ ಫೋನ್ ಮಾಡುತ್ತದೆ.

ದೂರವೇ ಹೋಗಬೇಕು ಅಂತೇನೂ ಇಲ್ಲ. ಬಳ್ಳಾರಿ ಊರೊಳಗಿದ್ದ ಮಿನಿ ಝೂ ನಮ್ಮ ವಯಸ್ಸಿನವರಿಗೆಲ್ಲ ನೆನಪಿದೆ. ಅಲ್ಲಿನ ಪ್ರಾಣಿಗಳು ಈಗ ಹೊಸಪೇಟೆ ಹತ್ತಿರ ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಝೂನಲ್ಲಿವೆ. ಅಲ್ಲಿ ಸಫಾರಿಯೂ ಇದೆ. ಹತ್ತಿರದಲ್ಲೇ ದರೋಜಿ ಕರಡಿಧಾಮ. ಮಧ್ಯಾಹ್ನದ ಮೇಲೆ ಬಂಡೆಗೆ ಹಚ್ಚಿದ ಬೆಲ್ಲದ ಪಾಕ ನೆಕ್ಕಲು ಕರಡಿಗಳು ಮರಿ ಬೆನ್ನಿಗೆ ಹಾಕಿಕೊಂಡು ಇಳಿದು ಬರುವುದನ್ನು ದೂರದ ಗೋಪುರದಿಂದ ನೋಡಬಹುದು. ಬೇಲಿ ಇಲ್ಲದೆ ತಮ್ಮ ಗುಡ್ಡದಲ್ಲೇ ಓಡಾಡುವ ಕರಡಿ! ನನ್ನ ಮಗಳಿಗೆ ಮೈಸೂರಿನ ಹುಲಿಗಿಂತ ಇದೇ ಹೆಚ್ಚು ನೆನಪಿದೆ. ತುಂಗಭದ್ರಾ ಡ್ಯಾಮ್ ಕೆಳಗಿನ ಉದ್ಯಾನ, ಹಂಪಿ ಎಲ್ಲ ಅದೇ ದಾರಿ. ನಮ್ಮ ಜಿಲ್ಲೆಯವರು, ಕೊಪ್ಪಳದವರು ಬೆಳಿಗ್ಗೆ ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ರಾತ್ರಿ ಓಡಾಟ ಬೇಕಿಲ್ಲ. ಸಣ್ಣ ಮಕ್ಕಳಿದ್ದರೆ ನಾನು ಮೊದಲು ಇದನ್ನೇ ಹೇಳುತ್ತೇನೆ, ನನಗೆ ಬಾಡಿಗೆ ಕಡಿಮೆ ಆದರೂ ಸರಿ.

ಆದರೂ ಮಕ್ಕಳು ವಂಡರ್‌ಲಾ ಅಂತಾರೆ, ರಾಮೋಜಿ ಫಿಲ್ಮ್ ಸಿಟಿ ಅಂತಾರೆ. ಹೋಗಬೇಕು, ಹೋಗಲಿ. ರಾಯಚೂರಿನವರಿಗೆ ಹೈದರಾಬಾದ್ ಇನ್ನೂರು ಕಿಲೋಮೀಟರ್ ಆಸುಪಾಸು, ಹಗಲಲ್ಲೇ ಆರಾಮಾಗಿ ತಲುಪಬಹುದು. ಬೆಂಗಳೂರು, ಮೈಸೂರಿಗೆ ಹೋಗುವವರು ಒಂದು ರಾತ್ರಿ ಉಳಿಯುವ ಲೆಕ್ಕ ಹಾಕಿ. ಅದು ಆಗದಿದ್ದರೆ ಎರಡನೇ ಡ್ರೈವರ್ ಕೇಳಿ. ಅವನ ಬಾಟಾ ಹತ್ತು ಹನ್ನೆರಡು ಜನ ಹಂಚಿಕೊಂಡರೆ ತಲೆಗೆ ಪಾರ್ಕ್ ಒಳಗಿನ ಒಂದು ಐಸ್‌ಕ್ರೀಮಿನಷ್ಟೂ ಜಾಸ್ತಿ ಆಗಲಿಕ್ಕಿಲ್ಲ. ಓನರ್‌ಗಳೂ ರಾತ್ರಿ ಹನ್ನೆರಡರ ಲೆಕ್ಕ ಬಿಟ್ಟು, ಹೊರಟ ಹೊತ್ತಿನಿಂದ 24 ತಾಸು ಅಂತ ಲೆಕ್ಕ ಹಿಡಿದರೆ ಅರ್ಧ ಅವಸರ ಅಲ್ಲೇ ಹೋಗುತ್ತದೆ. ನಮ್ಮ ಓನರ್ ಹತ್ತಿರ ನಾನು ಈ ಮಾತು ಆಡಿದ್ದೇನೆ. ಯೋಚನೆ ಮಾಡುತ್ತೇನೆ ಅಂದಿದ್ದಾರೆ.

ಪ್ರವಾಸೋದ್ಯಮ ಇಲಾಖೆಯವರು, ಸಾರಿಗೆ ಇಲಾಖೆಯವರು, ಮೃಗಾಲಯ ಪ್ರಾಧಿಕಾರದವರು ಈ ಪತ್ರ ಓದಿದರೆ ಒಂದು ವಿನಂತಿ. ಬೇಸಿಗೆ ರಜೆಯ ಯಾವುದಾದರೂ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಒಂದು ಪಾರ್ಕಿಂಗ್ ಜಾಗಕ್ಕೆ ಬನ್ನಿ. ಗಾಡಿಗಳ ನಡುವೆ ನಡೆದು ನೋಡಿ. ಅಲ್ಲಿ ಚಾಪೆ ಮೇಲೆ ಇರುವವರನ್ನು ಮಾತಾಡಿಸಿ, ಕೋಣೆ ಎಲ್ಲಿ ಕಟ್ಟಿದರೆ ಅನುಕೂಲ ಅಂತ ಅವರನ್ನೇ ಕೇಳಿ. ಮುಂದಿನ ದಸರಾ ರಜೆಯ ಹೊತ್ತಿಗೆ ಒಂದೆರಡು ಝೂಗಳಲ್ಲಾದರೂ ಇದು ಶುರುವಾಗಲಿ.

ಇಂತಿ,
ಒಬ್ಬ ಟಿಟಿ ಚಾಲಕ
ಸಿರುಗುಪ್ಪ, ಬಳ್ಳಾರಿ ಜಿಲ್ಲೆ